ಸಹಜತೆಯ ತಾಲೀಮು

ಐ.ಎ.ಎಸ್.ಗೆ ಓದುವವರನ್ನು ದೂರದಿಂದಲೇ ಗುರುತು ಹಿಡಿಯಬಹುದು: ಕಂಕುಳಲ್ಲಿ ಇಂಗ್ಲಿಷ್ ಪೇಪರು, ಮುಖದಲ್ಲಿ ದೇಶದ ಚಿಂತೆ. ಸಿ.ಎ. ಓದುವವರು ಮನೆಯಿಂದ ಹೊರಗೇ ಬರುವುದಿಲ್ಲವಾದ್ದರಿಂದ ಆ ಪ್ರಶ್ನೆಯೇ ಏಳುವುದಿಲ್ಲ. ಆದರೆ ಕ್ಲಿನಿಕಲ್ ಸೈಕಾಲಜಿ ಸಂದರ್ಶನಕ್ಕೆ ತಯಾರಾಗುತ್ತಿರುವವರನ್ನು ನೀವು ಗುರುತು ಹಿಡಿಯುವ ಕಷ್ಟವಿಲ್ಲ, ಅವರೇ ನಿಮ್ಮನ್ನು ಹಿಡಿಯುತ್ತಾರೆ. ನೀವು ಸೋಫಾದ ತುದಿಯಲ್ಲಿ ಕೂತರೆ ಆಂಕ್ಸೈಟಿ. ಒರಗಿ ಕೂತರೆ ಆಂಕ್ಸೈಟಿಯನ್ನು ಮುಚ್ಚಿಟ್ಟಿದ್ದೀರಿ. ಕೂರದೆ ಹೊರಟಿರೋ, ಅವಾಯ್ಡೆನ್ಸ್. ಕಾಫಿ ಬೇಡ ಎಂದರೆ ‘ಯಾಕೆ ಬೇಡ ಅನ್ನಿಸ್ತು?’ ಎಂದು ತಲೆಯನ್ನು ಒಂದಿಷ್ಟು ಓರೆ ಮಾಡಿ ಕೇಳುತ್ತಾರೆ. ಆ ಓರೆಯನ್ನು ಹಗುರವಾಗಿ ತಿಳಿಯಬೇಡಿ, ಕನ್ನಡಿಯ ಮುಂದೆ ತಿಂಗಳುಗಟ್ಟಲೆ ಸಾಧಿಸಿದ್ದು.

ನಮ್ಮ ಬಳಗದಲ್ಲಿ ಈ ಪಂಗಡಕ್ಕೆ ಸೇರಿದವಳು ನನ್ನ ಅಕ್ಕನ ಮಗಳು ಪುಟ್ಟಿ. ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿದ್ದಾಳೆ. ಅಷ್ಟು ಓದಿದ ಮೇಲೆ ಬೋರ್ಡು ಹಾಕಿಕೊಂಡು ಕೂರಬಾರದೇ ಎಂದು ನೀವು ಕೇಳಬಹುದು. ಅವಳ ಅಪ್ಪನೂ ಕೇಳಿದರು. ಹಾಗೆಲ್ಲ ಕೂರುವಂತಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎನ್ನಿಸಿಕೊಳ್ಳಲು 1992ರ ಕಾಯ್ದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ನೋಂದಾಯಿಸಲು ಪರಿಷತ್ತು ಒಪ್ಪಿದ ಕೋರ್ಸು ಮಾಡಿರಬೇಕು, ಅದು ಬಹುಕಾಲ ಎರಡು ವರ್ಷದ ಎಂ.ಫಿಲ್. ಆಗಿತ್ತು. ಅದಕ್ಕೆ ಪ್ರವೇಶ ಪರೀಕ್ಷೆ, ಪರೀಕ್ಷೆ ದಾಟಿದರೆ ಸಂದರ್ಶನ. ಸೀಟುಗಳು ಒಂದೊಂದು ಕಡೆ ಕೈಬೆರಳಲ್ಲಿ ಎಣಿಸುವಷ್ಟು. ಅರ್ಜಿ ಹಾಕುವವರು ದಸರೆಯ ಜಂಬೂಸವಾರಿಗೆ ಸೇರಿದಷ್ಟು.

ಪರೀಕ್ಷೆಗೆ ಪುಟ್ಟಿ ಹೆದರಿದವಳೇ ಅಲ್ಲ. ಎಬ್ಬಿಂಗ್‌ಹೌಸನ ಮರೆವಿನ ರೇಖೆಯನ್ನು ಅವಳು ಇವತ್ತಿಗೂ ಮರೆತಿಲ್ಲ. ಫೋನಿನಲ್ಲಿ ಗೆಳತಿಯರ ಜೊತೆ ‘ಅಹುಜಾ ಆಯ್ತೇನೇ? ನಾನು ನಿನ್ನೆ ರಾತ್ರಿ ಫಿಶ್ ಮುಗಿಸಿ ಮಲಗಿದೆ’ ಎಂದದ್ದು ಅಡುಗೆಮನೆಗೆ ಕೇಳಿಸಿ ದೊಡ್ಡ ರಾದ್ಧಾಂತವಾಯಿತು. ಫಿಶ್ ಎಂಬವರು ಮನೋರೋಗ ಲಕ್ಷಣಗಳ ಮೇಲೆ ಪುಸ್ತಕ ಬರೆದ ವೈದ್ಯರು ಎಂದು ರಟ್ಟು ತೋರಿಸಿ ನಂಬಿಸಬೇಕಾಯಿತು. ಅಜ್ಜಿ, ಅಂದರೆ ಅವಳ ಅಪ್ಪನ ಅಮ್ಮ, ಪುಸ್ತಕವನ್ನು ಮೂಸಿ ನೋಡಿಯೇ ಒಪ್ಪಿದ್ದು.

ತೊಡಕಿರುವುದು ಸಂದರ್ಶನದಲ್ಲಿ. ಅಲ್ಲಿ ಗೆದ್ದು ಬಂದ ಸೀನಿಯರುಗಳೆಲ್ಲ ಕೊಡುವ ಸಲಹೆ ಒಂದೇ: ‘ಸಹಜವಾಗಿರು, ಸಾಕು.’ ಪುಟ್ಟಿ ಅದನ್ನು ಡೈರಿಯಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಳು. ಅಂದಿನಿಂದ ಮನೆಯಲ್ಲಿ ಸಹಜತೆಯ ತಾಲೀಮು ಶುರುವಾಯಿತು. ಸಹಜವಾಗಿ ಬಾಗಿಲು ತಳ್ಳುವುದು, ಸಹಜವಾಗಿ ನಮಸ್ಕರಿಸುವುದು, ಗೊತ್ತಿಲ್ಲದ ಪ್ರಶ್ನೆಗೆ ಸಹಜವಾಗಿ ಮೂರು ಸೆಕೆಂಡು ಯೋಚಿಸುವುದು, ಗೊತ್ತಿರುವ ಪ್ರಶ್ನೆಗೂ ಅಷ್ಟೇ ಹೊತ್ತು ಯೋಚಿಸುವುದು, ಇಲ್ಲದಿದ್ದರೆ ಬಾಯಿಪಾಠವೆಂದು ಗೊತ್ತಾಗುತ್ತದಲ್ಲ. ನಾನು ಮಾಕ್ ಇಂಟರ್‌ವ್ಯೂಗಳ ಖಾಯಂ ಅಧ್ಯಕ್ಷ. ‘ನಿಮ್ಮ ದೌರ್ಬಲ್ಯವೇನು?’ ಎಂದು ಕೇಳಿದೆ. ‘ಬೇರೆಯವರ ನೋವನ್ನು ನಾನು ತುಂಬಾ ಹಚ್ಚಿಕೊಂಡುಬಿಡ್ತೀನಿ ಸರ್’ ಎಂದು ಕಣ್ಣು ತುಂಬಿಕೊಂಡಳು. ಆ ಹೊತ್ತಿಗೆ ಅವಳ ಅಮ್ಮ ಗ್ಯಾಸ್ ಸಿಲಿಂಡರು ಎಳೆಯಲಾರದೆ ‘ಪುಟ್ಟೀ’ ಎಂದು ಕೂಗುತ್ತಿದ್ದಳು. ‘ಇಂಟರ್‌ವ್ಯೂ ನಡೀತಿದೆಯಮ್ಮಾ!’ ಎಂದು ಇಲ್ಲಿಂದಲೇ ಗದರಿದಳು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ‘ಯಾಕೆ ಕ್ಲಿನಿಕಲ್ ಸೈಕಾಲಜಿ?’ ಇದಕ್ಕೆ ‘ಜನರಿಗೆ ಸಹಾಯ ಮಾಡಬೇಕು’ ಎಂದರೆ ಮುಗಿಯಿತು. ಸಹಾಯ ಮಾಡುವುದಕ್ಕೆ ಸಹಕಾರ ಸಂಘವಿಲ್ಲವೇ ಎಂದು ಕೇಳಿಬಿಡುತ್ತಾರಂತೆ. ಒಂದು ಸ್ವಂತ ಕಥೆ ಬೇಕು. ಮನೆಯಲ್ಲಿ ಯಾರಿಗಾದರೂ ಒಂದು ಕಾಯಿಲೆ ಇದ್ದು, ಅದನ್ನು ಬಾಲ್ಯದಲ್ಲಿ ಕಂಡು ಮನಸ್ಸು ಕಲಕಿರಬೇಕು, ಆದರೆ ತೀರಾ ಕಲಕಿರಬಾರದು. ಪುಟ್ಟಿ ವಂಶವೃಕ್ಷವನ್ನು ಬೇರಿನಿಂದ ತುದಿಯವರೆಗೆ ಜಾಲಾಡಿದಳು. ಪ್ರಯೋಜನಕ್ಕೆ ಬರುವವರು ಒಬ್ಬರೂ ಇಲ್ಲ. ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ, ಅತ್ತೆಗೆ ಮಂಡಿನೋವು. ಸ್ಕೂಟರಿನ ಮೇಲೆ ಒಬ್ಬನೇ ಮಾತಾಡಿಕೊಂಡು ಹೋಗುವ ಚಿಕ್ಕಪ್ಪನ ಮೇಲೆ ಸ್ವಲ್ಪ ದಿನ ಆಸೆ ಇತ್ತು. ಹೆಲ್ಮೆಟ್ಟಿನೊಳಗೆ ಬ್ಲೂಟೂತ್ ಇದೆಯೆಂದು ತಿಳಿದು ಅದೂ ಹೋಯಿತು. ಕೊನೆಗೆ ಅಜ್ಜಿಯ ಮರೆವನ್ನು ಹಿಡಿದುಕೊಂಡಳು. ‘ಅಜ್ಜಿಗೆ ನೆನಪು ಮಾಸುತ್ತಾ ಬಂದಾಗ...’ ಎಂದು ತಾಲೀಮು ಶುರುಮಾಡಿದ್ದನ್ನು ಅಜ್ಜಿಯೇ ಕೇಳಿಸಿಕೊಂಡರು. ‘ನಾನೇನೇ ಮರೆತೆ? ನಿಮ್ಮಮ್ಮನ ಮದುವೇಲಿ ಬೀಗರ ಊಟಕ್ಕೆ ಎರಡನೇ ಸಲ ಹೋಳಿಗೆ ಬರಲಿಲ್ಲ, ಅದು ಮರೆತಿದೀನಾ?’ ಎಂದರು. ಹೆಣ್ಣಿನ ಕಡೆಯವನಾದ ನಾನು ಅಲ್ಲಿಂದ ಮೆಲ್ಲಗೆ ಜಾರಿಕೊಂಡೆ.

ಆದರೂ ಪುಟ್ಟಿ ಅಜ್ಜಿಯನ್ನು ಬಿಡಲಿಲ್ಲ. ರೋಗಿಯ ಮನಃಸ್ಥಿತಿಯನ್ನು ಒರೆಗೆ ಹಚ್ಚುವ ಕ್ರಮವೊಂದಿದೆ, ಎಂ.ಎಸ್.ಇ. ಎನ್ನುತ್ತಾರೆ. ವೇಷಭೂಷಣ, ಮಾತು, ಭಾವ, ಯೋಚನೆ, ಗ್ರಹಿಕೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಹೋಗಿ, ಕೊನೆಯಲ್ಲಿ ರೋಗಿಗೆ ತನ್ನ ಸ್ಥಿತಿಯ ಅರಿವು ಎಷ್ಟಿದೆ ಎಂದು ಒಂದರಿಂದ ಆರರವರೆಗೆ ಗ್ರೇಡು ಹಾಕಬೇಕು. ಅದಕ್ಕೆ ಇನ್‌ಸೈಟ್ ಎಂದು ಹೆಸರು. ‘ನನಗೇನೂ ಆಗಿಲ್ಲ’ ಎಂದು ಸಾಧಿಸುವವನಿಗೆ ಒಂದು. ಸ್ಥಿತಿಯನ್ನು ಮನಸಾರೆ ಅರಿತು ಅದಕ್ಕೆ ತಕ್ಕಂತೆ ನಡೆದುಕೊಳ್ಳುವವನಿಗೆ ಆರು. ಸಂದರ್ಶನದಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ. ಆದ್ದರಿಂದ ಒಂದು ಸಂಜೆ ಪುಟ್ಟಿ ನೋಟ್‌ಪುಸ್ತಕ ಹಿಡಿದು ಹೊಸಲಿನ ಮೇಲೆ ಕೂತಳು. ಅಜ್ಜಿ ಬತ್ತಿ ಹೊಸೆಯುತ್ತಿದ್ದರು.

‘ಅಜ್ಜಿ, ಇವತ್ತು ಏನು ದಿನ?’

‘ಪ್ರಥಮೇಕಾದಶಿ. ಯಾಕೆ, ಈರುಳ್ಳಿ ತಿಂದ್ಯಾ?’

‘ತಾರೀಖು ಎಷ್ಟು ಹೇಳಿ.’

‘ಅನೂರಾಧಾ ನಕ್ಷತ್ರ, ನಾಡಿದ್ದು ಪ್ರದೋಷ. ತಾರೀಖು ನಿಮ್ಮಪ್ಪನ್ನ ಕೇಳು, ಪೆನ್ಷನ್ ಬರೋದು ಅವನಿಗೆ.’

ಪುಸ್ತಕದ ಲೆಕ್ಕದಲ್ಲಿ ತಾರೀಖು ಹೇಳದವರಿಗೆ ಕಾಲದ ಅರಿವಿಲ್ಲ. ಪುಟ್ಟಿ ಪೆನ್ಸಿಲು ಕಚ್ಚಿ ಯೋಚಿಸಿ, ‘ಕಾಲದ ಅರಿವು: ಬೇಕಾದ್ದಕ್ಕಿಂತ ಹೆಚ್ಚು’ ಎಂದು ಬರೆದಳು.

‘ನೂರರಲ್ಲಿ ಏಳು ಕಳೆದರೆ?’

‘ತೊಂಬತ್ಮೂರು.’

‘ಅದರಲ್ಲಿ ಇನ್ನೇಳು?’

‘ಎಂಬತ್ತಾರು. ಹೀಗೆ ಕಳೀತಾ ಹೋದ್ರೆ ಸಂಸಾರ ನಡೆಯತ್ತೇನೇ?’

‘ಸರಿ. ಮನೆಗೆ ಬೆಂಕಿ ಬಿದ್ದರೆ ಏನು ಮಾಡ್ತೀರಿ?’

‘ಬಿಡ್ತು ಅನ್ನು! ದೀಪ ಹಚ್ಚೋ ಹೊತ್ತಲ್ಲಿ ಎಂಥ ಮಾತೇ ಅದು! ಬಿಡ್ತು ಅನ್ನು ಮೊದಲು!’

ಪುಟ್ಟಿ ಬಿಡ್ತು ಅಂದು, ದೇವರ ಮನೆಗೆ ಹೋಗಿ ಅಡ್ಡಬಿದ್ದು ಬಂದಳು. ವಿವೇಚನೆಯನ್ನು ಅಳೆಯಲು ಇನ್ನೊಂದು ಹಳೆಯ ಪ್ರಶ್ನೆ ಇದೆ. ಸ್ಟಾಂಪು ಹಚ್ಚಿ ವಿಳಾಸ ಬರೆದ ಕವರು ರಸ್ತೆಯಲ್ಲಿ ಬಿದ್ದಿದ್ದರೆ ಏನು ಮಾಡುತ್ತೀರಿ ಎಂದು. ಅಂಚೆ ಡಬ್ಬಿಗೆ ಹಾಕುತ್ತೇನೆ ಎನ್ನಬೇಕು. ‘ವಿಳಾಸ ಓದಿ, ನಮ್ಮೋರಾದ್ರೆ ಫೋನು ಮಾಡಿ ಏನು ಸಮಾಚಾರ ಅಂತ ಕೇಳ್ತೀನಿ’ ಎಂದರು ಅಜ್ಜಿ. ಅಮೂರ್ತ ಚಿಂತನೆಗೆ ಗಾದೆಯ ಅರ್ಥ ಕೇಳುವುದು ಕ್ರಮ. ‘ಕೈ ಕೆಸರಾದರೆ ಬಾಯಿ ಮೊಸರು, ಹಾಗಂದ್ರೇನಜ್ಜಿ?’ ಎಂದದ್ದಕ್ಕೆ ‘ಬೆಳಗಿಂದ ಕೂತಲ್ಲೇ ಕೂತಿದೀಯ, ಹೆಪ್ಪು ಹಾಕಿದ್ಯಾ?’ ಎಂದು ತಿರುಗಿಬಿತ್ತು. ಇದು ಗಾದೆಯನ್ನು ಅಕ್ಷರಶಃ ಹಿಡಿದದ್ದೋ, ಅದರ ತಿರುಳನ್ನೇ ಅರೆದು ಕುಡಿದದ್ದೋ ಪುಟ್ಟಿಗೆ ತೀರ್ಮಾನಿಸಲಾಗಲಿಲ್ಲ. ಕೊನೆಯದಾಗಿ ಇನ್‌ಸೈಟ್.

‘ನಿಮಗೇನಾದರೂ ತೊಂದರೆ ಇದೆ ಅನ್ನಿಸತ್ತಾ ಅಜ್ಜಿ?’

‘ಇದೆ. ಮದುವೆ ವಯಸ್ಸಿನ ಮೊಮ್ಮಗಳು ಮುಸ್ಸಂಜೆ ಹೊತ್ತಲ್ಲಿ ಹೊಸಲ ಮೇಲೆ ಕೂತು ನನಗೆ ಮಗ್ಗಿ ಕೇಳ್ತಿದಾಳೆ.’

ಮನೆಯಾಚೆಯ ಕಾಟ ಬೇರೆಯೇ ಥರದ್ದು. ಮದುವೆ ಮುಂಜಿಗೆ ಹೋದರೆ ಸಾಕು, ‘ಸೈಕಾಲಜಿಯಂತೆ, ನನ್ನ ಮನಸ್ಸಲ್ಲಿ ಏನಿದೆ ಹೇಳು ನೋಡೋಣ’ ಎಂದು ಮುಂದೆ ಬಂದು ನಿಲ್ಲುತ್ತಾರೆ. ಊಟದ ಹಾಲಿನ ಬಾಗಿಲು ಎಷ್ಟು ಹೊತ್ತಿಗೆ ತೆಗೆಯುತ್ತಾರೆ ಎಂಬುದಲ್ಲದೆ ಆ ಹೊತ್ತಿನಲ್ಲಿ ಯಾರ ಮನಸ್ಸಿನಲ್ಲಿ ಮತ್ತೇನಿರುತ್ತದೆ? ಇನ್ನು ಕೆಲವರಿಗೆ ಅವಳು ಆಪ್ತಮಿತ್ರದ ವಿಷ್ಣುವರ್ಧನ್. ‘ನಾಗವಲ್ಲಿ ಕೇಸು ಬಂದರೆ ಹೆದರ್ಕೊಳಲ್ವೇನಮ್ಮಾ?’ ವಿಷ್ಣುವರ್ಧನ್ ಅದರಲ್ಲಿ ಸೈಕಿಯಾಟ್ರಿಸ್ಟು, ಅವರು ಎಂ.ಬಿ.ಬಿ.ಎಸ್. ಓದಿ ಔಷಧ ಬರೆಯುವವರು, ನಾವು ಬರೆಯುವುದಿಲ್ಲ ಎಂದು ವಿವರಿಸಿದರೆ, ‘ಮತ್ತೆ ನೀನು ಬರೀ ಮಾತಾಡೋದಾ? ಅದಕ್ಕೆ ದುಡ್ಡು ಕೊಡ್ತಾರಾ?’ ಎಂಬ ಕನಿಕರ. ದೊಡ್ಡಪ್ಪನಂತೂ ನಿಮ್ಹಾನ್ಸ್ ಎನ್ನುವುದಿಲ್ಲ. 1954ರಲ್ಲೇ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, 1974ರಲ್ಲಿ ಅದು ನಿಮ್ಹಾನ್ಸ್ ಆಯಿತು, ಮುಂದೆ ಪಾರ್ಲಿಮೆಂಟೇ ಅದಕ್ಕೊಂದು ಕಾಯ್ದೆ ಮಾಡಿತು. ದೊಡ್ಡಪ್ಪನ ಬಾಯಲ್ಲಿ ಮಾತ್ರ ಅದಿನ್ನೂ ಹುಚ್ಚಾಸ್ಪತ್ರೆಯೇ. ‘ಹುಚ್ಚಾಸ್ಪತ್ರೇಲಿ ಸೀಟು ಸಿಕ್ತಾ ಮಗೂ?’ ಎಂದು ಛತ್ರದ ತುಂಬ ಕೇಳಿಸುವಂತೆ ವಿಚಾರಿಸುತ್ತಾರೆ. ಪಕ್ಕದಲ್ಲಿ ಕೂತವರು ಕುರ್ಚಿಯನ್ನು ಒಂದು ಗೇಣು ಆಚೆಗೆ ಸರಿಸುತ್ತಾರೆ.

ಇವರನ್ನೆಲ್ಲ ನಿಭಾಯಿಸಲು ಪುಟ್ಟಿ ಒಂದು ಉಪಾಯ ಕಂಡುಕೊಂಡಿದ್ದಾಳೆ. 1948ರಲ್ಲಿ ಫೋರರ್ ಎಂಬ ಅಮೆರಿಕದ ಮೇಷ್ಟರು ತಮ್ಮ ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಮಾಡಿ, ಆಮೇಲೆ ಪ್ರತಿಯೊಬ್ಬರಿಗೂ ಅವರವರ ಸ್ವಭಾವದ ವರದಿ ಎಂದು ಹೇಳಿ ಚೀಟಿ ಹಂಚಿದರು. ಎಲ್ಲ ಚೀಟಿಯಲ್ಲೂ ಇದ್ದದ್ದು ಒಂದೇ ಒಕ್ಕಣೆ, ಅದೂ ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು. ಹುಡುಗರು ಅದಕ್ಕೆ ಐದಕ್ಕೆ ಸರಾಸರಿ 4.26 ಅಂಕ ಕೊಟ್ಟು, ನಮ್ಮನ್ನೇ ನೋಡಿ ಬರೆದಂತಿದೆ ಎಂದರಂತೆ. ಪುಟ್ಟಿ ಈಗ ಛತ್ರದಲ್ಲಿ ಯಾರು ಅಡ್ಡಗಟ್ಟಿದರೂ ತಲೆ ಓರೆ ಮಾಡಿ, ‘ನೀವು ಹೊರಗೆ ಗಟ್ಟಿ, ಒಳಗೆ ತುಂಬಾ ಮೃದು. ಮಾಡಿದ್ದಕ್ಕೆ ತಕ್ಕ ಹೆಸರು ನಿಮಗೆ ಬಂದಿಲ್ಲ’ ಎನ್ನುತ್ತಾಳೆ. ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ. ಗಂಡಸರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಸಂದರ್ಶನಕ್ಕೆಂದು ಅವಳು ಬರೆದಿಟ್ಟುಕೊಂಡ ‘ಯಾಕೆ ಕ್ಲಿನಿಕಲ್ ಸೈಕಾಲಜಿ’ ಉತ್ತರಗಳನ್ನು ಓದಿದರೆ ನನಗೇಕೋ ಆ ಮೇಷ್ಟರ ಚೀಟಿಯೇ ಕಣ್ಣ ಮುಂದೆ ಬರುತ್ತದೆ. ಅವನ್ನು ನಮ್ಮ ಹಾಲಿನವನು ಹೇಳಿದರೂ ಒಪ್ಪುತ್ತದೆ. ಇದನ್ನು ಅವಳಿಗೆ ಹೇಳುವ ಧೈರ್ಯ ನನಗಿಲ್ಲ.

ವಿಭಾಗದ ಚರಿತ್ರೆ ಕೇಳಿಬಿಟ್ಟರೆ ಎಂದು ಅದನ್ನೂ ಉರುಹೊಡೆದಿದ್ದಾಳೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ, ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಅವರೇ 1935ರಲ್ಲಿ ತಮ್ಮ ಮನೆಯಿಂದ ಆಕಾಶವಾಣಿ ಎಂಬ ರೇಡಿಯೋ ಕೇಂದ್ರ ನಡೆಸಿದರು. ದಿನವಿಡೀ ಊರವರ ಮನಸ್ಸಿನ ಮಾತು ಕೇಳಬೇಕಾದವರಿಗೆ, ಊರೂ ಒಮ್ಮೆ ತಮ್ಮ ಮಾತು ಕೇಳಲಿ ಎನ್ನಿಸಿದ್ದರೆ ಅದರಲ್ಲಿ ತಪ್ಪೇನಿದೆ? ನಮ್ಮಲ್ಲಿ ಈ ಶಾಸ್ತ್ರಕ್ಕೂ ನಗುವಿಗೂ ನಂಟು ಹಳೆಯದು. ‘ಕೊರವಂಜಿ’ ಪತ್ರಿಕೆ ನಡೆಸಿ ನಾಡನ್ನು ನಗಿಸಿದ ಡಾಕ್ಟರು ರಾ.ಶಿ. ಅವರಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಹಾಸ್ಯಕ್ಕಲ್ಲ, ‘ಮನಮಂಥನ’ಕ್ಕೆ.

ಅಂತೂ ಕರೆ ಬಂತು. ಯಾವ ಸಂಸ್ಥೆ ಎನ್ನುವುದು ಬೇಡ. ಕಾಯುವ ಕೋಣೆಯ ವರ್ಣನೆಯನ್ನು ಪುಟ್ಟಿಯ ಬಾಯಲ್ಲೇ ಕೇಳಬೇಕು. ಬಂದವರೆಲ್ಲ ತಿಳಿಬಣ್ಣದ ಕಾಟನ್ ಕುರ್ತಾ, ಸಣ್ಣ ಜುಮುಕಿ, ಎಲ್ಲರ ತಲೆಯೂ ಒಂದೇ ಕೋನದಲ್ಲಿ ಓರೆ. ಒಬ್ಬಳು ಉಗುರು ಕಚ್ಚಿದರೆ ಉಳಿದವರು ಮನಸ್ಸಿನಲ್ಲೇ ಬರೆದುಕೊಳ್ಳುತ್ತಾರೆ. ‘ಟೆನ್ಷನ್ ಆಗ್ತಿದೆಯಾ?’ ಎಂದು ಪರಸ್ಪರ ಎಷ್ಟು ಮೃದುವಾಗಿ ವಿಚಾರಿಸಿದರೆಂದರೆ, ಟೆನ್ಷನ್ ಇಲ್ಲದವರಿಗೂ ಹತ್ತಿಕೊಂಡಿತು. ಹೆಸರು ಕೂಗುವ ಅಟೆಂಡರ್ ಒಬ್ಬನೇ ಆ ಕೋಣೆಯಲ್ಲಿ ಆರೋಗ್ಯವಾಗಿದ್ದವನು.

ಒಳಗೆ ಐದು ಮಂದಿ. ಪುಟ್ಟಿ ಸಹಜವಾಗಿ ಬಾಗಿಲು ತಳ್ಳಿದಳು, ಅದು ಎಳೆಯುವ ಬಾಗಿಲಾಗಿತ್ತು. ಭ್ರಮೆಗೂ ಭ್ರಾಂತಿಗೂ ವ್ಯತ್ಯಾಸ, ವಿಶ್ವಸನೀಯತೆಗೂ ಸಪ್ರಮಾಣತೆಗೂ ವ್ಯತ್ಯಾಸ, ಪ್ರಬಂಧದಲ್ಲಿ ಟಿ-ಟೆಸ್ಟ್ ಯಾಕೆ ಹಾಕಿದಿರಿ, ಎಲ್ಲಕ್ಕೂ ಮೂರು ಸೆಕೆಂಡು ಯೋಚಿಸಿ ಉತ್ತರಿಸಿದಳು. ಆಮೇಲೆ ಮೂಲೆಯಲ್ಲಿದ್ದ ಹಿರಿಯರೊಬ್ಬರು, ‘ಗಮನ ಹೇಗೆ ಪರೀಕ್ಷಿಸ್ತೀರಮ್ಮ?’ ಎಂದರು. ನೂರರಿಂದ ಏಳೇಳು ಕಳೆಯಲು ಹೇಳುತ್ತೇನೆ ಎಂದಳು. ‘ಎಲ್ಲಿ, ನೀವೇ ಮಾಡಿ ತೋರಿಸಿ.’ ಪುಟ್ಟಿ 93, 86, 79, 72, 65 ಎಂದು ಎರಡರವರೆಗೂ ಸಹಸ್ರನಾಮದ ಓಟದಲ್ಲಿ ಒಂದೇ ಉಸಿರಿಗೆ ಒಪ್ಪಿಸಿದಳು. ಹಿರಿಯರು ಕನ್ನಡಕ ತೆಗೆದು ಒರೆಸಿ, ‘ಬಹಳ ಚೆನ್ನಾಗಿದೆ. ಈಗ ನೂರಾ ಒಂದರಿಂದ ಮಾಡಿ’ ಎಂದರು.

ತೊಂಬತ್ತನಾಲ್ಕು ಬಂತು. ಎಂಬತ್ತೇಳೂ ಬಂತು. ಅಲ್ಲಿಂದ ಮುಂದೆ ಅಭ್ಯಾಸಬಲ ಮತ್ತೆ ಎಪ್ಪತ್ತೊಂಬತ್ತಕ್ಕೇ ಎಳೆದುಕೊಂಡು ಹೋಯಿತು. ಇಡೀ ಸಂದರ್ಶನದಲ್ಲಿ ಪುಟ್ಟಿ ಸಹಜವಾಗಿದ್ದದ್ದು ಆ ಗಳಿಗೆಯಲ್ಲಿ. ‘ಅಯ್ಯೋ’ ಎಂದಳಂತೆ. ಐವರೂ ನಕ್ಕರಂತೆ.

ವೆಯ್ಟಿಂಗ್ ಲಿಸ್ಟಿನಲ್ಲಿ ಹೆಸರು ಬಂದಿತು. ಮೇಲಿನವರಲ್ಲಿ ಯಾರು ವಿದೇಶಕ್ಕೆ ಹೋಗಬಹುದು, ಯಾರಿಗೆ ಮದುವೆ ಗೊತ್ತಾಗಬಹುದು ಎಂದು ಪುಟ್ಟಿ ಒಂದು ತಿಂಗಳು ಲೆಕ್ಕ ಹಾಕಿದಳು. ಯಾರೂ ಅಲುಗಾಡಲಿಲ್ಲ. ಇವಳು ಹೀಗೆ ಕಾಯುತ್ತಿರುವಾಗ ಕೋರ್ಸಿಗೇ ವಯಸ್ಸಾಗುತ್ತಿತ್ತು. 2022ರ ನವೆಂಬರಿನಲ್ಲಿ ಯು.ಜಿ.ಸಿ. ಹೊಸ ನಿಯಮ ತಂದು ಎಂ.ಫಿಲ್. ಪದವಿಯೇ ಇನ್ನು ಬೇಡವೆಂದಿತ್ತು. ಆಮೇಲೆ ಮನಸ್ಸು ಕರಗಿ ಕ್ಲಿನಿಕಲ್ ಸೈಕಾಲಜಿಗೂ ಸೈಕಿಯಾಟ್ರಿಕ್ ಸೋಷಿಯಲ್ ವರ್ಕಿಗೂ 2025-26ರವರೆಗೆ ಮಾತ್ರ ಜೀವದಾನ ಕೊಟ್ಟಿತು. ‘ನಾನು ಸೇರೋ ಹೊತ್ತಿಗೆ ಅದು ಇರತ್ತಾ ಮಾಮ?’ ಎಂದು ಕೇಳಿದಳು. ‘ಹಾಗನ್ನಿಸಿದಾಗ ನಿನಗೆ ಏನು ಫೀಲ್ ಆಗತ್ತೆ?’ ಎಂದು ತಲೆ ಓರೆ ಮಾಡಿದೆ. ಎರಡು ದಿನ ಮಾತು ಬಿಟ್ಟಳು.

ಈಗ ಪುಟ್ಟಿ ಒಂದು ಕೌನ್ಸೆಲಿಂಗ್ ಕೆಲಸದ ಜೊತೆಗೆ, ಸಂದರ್ಶನಕ್ಕೆ ಹೋಗುವವರಿಗೆ ಮನೆಯಲ್ಲೇ ತರಬೇತಿ ಕೊಡುತ್ತಾಳೆ. ಸೀಟು ಸಿಕ್ಕವರಿಗೆ ಹೇಳಿಕೊಡಲು ಪುರುಸೊತ್ತೆಲ್ಲಿ? ಹಾಗಾಗಿ ಈ ವಿದ್ಯೆ ಕೈತಪ್ಪಿದವರಿಂದಲೇ ಮುಂದಕ್ಕೆ ಹರಿಯುತ್ತದೆ. ಮೊನ್ನೆ ಹಾಸನದ ಕಡೆಯ ಹುಡುಗನೊಬ್ಬ ಬಂದಿದ್ದ. ಊಟದ ಮೇಜೇ ಪ್ಯಾನೆಲ್ಲು, ಪುಟ್ಟಿ ನಡುವೆ, ನಾನು ಎಡಕ್ಕೆ, ಅವರೆಕಾಯಿ ಸುಲಿಯುತ್ತಾ ಅಜ್ಜಿ ಬಲಕ್ಕೆ.

‘ಯಾಕೆ ಕ್ಲಿನಿಕಲ್ ಸೈಕಾಲಜಿ?’

‘ಜನರಿಗೆ ಸಹಾಯ...’

‘ಮುಂದೆ.’

‘ಅದು ಅಕ್ಕಾ, ಪಿ.ಯು.ಸಿ.ಯಲ್ಲಿ ಮ್ಯಾಥ್ಸ್ ಹೋಯ್ತು. ಬಿ.ಎ.ಗೆ ಸೇರಿದಾಗ ಈ ಕಾಂಬಿನೇಷನ್ ಒಂದ್ರಲ್ಲೇ ಸೀಟಿತ್ತು. ಆಮೇಲೆ ಓದ್ತಾ ಓದ್ತಾ ಇಷ್ಟ ಆಗೋಯ್ತು.’

ಅಜ್ಜಿ ಸುಲಿಯುವುದನ್ನು ನಿಲ್ಲಿಸಿ, ‘ಈ ಹುಡುಗನ್ನ ತಗೊಳ್ರೇ’ ಎಂದರು. ಪುಟ್ಟಿ ‘ಇದನ್ನ ಅಲ್ಲಿ ಹೇಳಬೇಡ’ ಎಂದು ಅವನನ್ನು ಗದರಿ, ನೋಟ್‌ಪುಸ್ತಕದಲ್ಲಿ ಇನ್‌ಸೈಟ್ ಎಂಬುದರ ಮುಂದೆ ಆರು ಎಂದು ಹಾಕಿದಳು.