ಸೋರುವ ಬುಲೆಟ್ಟಿನ ಯಜಮಾನರು

ಹಳೇ ಬುಲೆಟ್ ಕೊಂಡವರನ್ನು ಗುರುತಿಸಬೇಕಾದರೆ ಗಾಡಿಯನ್ನೇ ನೋಡಬೇಕೆಂದಿಲ್ಲ. ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ನೋಡಿದರೆ ಸಾಕು, ಎರಡೂ ಕಪ್ಪಗಿರುತ್ತವೆ. ಗಾಡಿ ಕೆಳಗೆ ಬಿದ್ದ ಹನಿಯನ್ನು ಆ ಎರಡು ಬೆರಳ ನಡುವೆ ಉಜ್ಜಿ, ಮೂಸಿ, ಕಣ್ಣು ಮುಚ್ಚಿ, "ಇದು ಎಂಜಿನ್ನಿಂದಲ್ಲ, ಪ್ರೈಮರೀದು" ಎಂದು ತೀರ್ಪು ಕೊಡದೆ ಅವರಿಗೆ ಕಾಫಿ ಇಳಿಯುವುದಿಲ್ಲ. ಹಳೇ ಕಬ್ಬಿಣದ ಬ್ಲಾಕಿನ ಬುಲೆಟ್ಟಿನಲ್ಲಿ ಎಂಜಿನ್ನಿಗೆ ಬೇರೆ, ಪ್ರೈಮರಿ ಚೈನಿಗೆ ಬೇರೆ, ಗೇರ್‌ಬಾಕ್ಸಿಗೆ ಬೇರೆ ಎಣ್ಣೆ. ಆದ್ದರಿಂದ ಈ ಮೂಸುವ ಕೆಲಸಕ್ಕೆ ಒಂದಿಷ್ಟು ಶಾಸ್ತ್ರಾಧಾರವೂ ಉಂಟು.

ನಮ್ಮ ಬೀದಿಯ ಯಜಮಾನರು ಈ ಪಂಗಡದವರು. ಬ್ಯಾಂಕಿನಿಂದ ನಿವೃತ್ತರು, ಊರು ಮೈಸೂರು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕುವ ತನಕ ಜಾವಾ, ಯೆಜ್ಡಿ ತಯಾರಾಗುತ್ತಿದ್ದ ಊರಲ್ಲಿದ್ದುಕೊಂಡು ಮದರಾಸಿನ ಗಾಡಿ ತಂದರಲ್ಲ ಎಂದು ಅವರ ಭಾವಮೈದುನನಿಗೆ ಇವತ್ತಿಗೂ ಮುನಿಸು. ಮಾರಿದವನು ಹೇಳಿದ್ದು ಮೂರೇ ಮಾತು: "ಸಿಂಗಲ್ ಓನರ್ ಸಾರ್. ಡಾಕ್ಟರ್ ಹ್ಯಾಂಡು. ಒಂದು ಹನಿ ಆಯಿಲ್ ಸೋರಲ್ಲ." ಮೂರನೆಯದಂತೂ ಸತ್ಯ. ಸೋರುವಷ್ಟು ಆಯಿಲ್ ಒಳಗಿರಲಿಲ್ಲ.

ಗಾಡಿ ವಾರವಿಡೀ ಟಾರ್ಪಾಲಿನ ಕೆಳಗೆ ನಿದ್ದೆ ಮಾಡುತ್ತದೆ. ಭಾನುವಾರ ಬೆಳಗ್ಗೆ ಯಜಮಾನರು ಪಂಚೆ ಮೇಲೆ ಕಟ್ಟಿ ಆಯಿಲ್ ಗೇಜು ಎಳೆಯುತ್ತಾರೆ. ಗೇಜಿನ ತುದಿ ಬರೀ ಒದ್ದೆ. "ನೋಡಿದಿರಾ, ಒಂದು ವಾರಕ್ಕೆ ಇಷ್ಟು ಕುಡಿದಿದೆ!" ಎಂದು ಗೇಟಿನ ಬಳಿ ಸಿಕ್ಕ ನನಗೆ ತೋರಿಸಿ, ಡಬ್ಬಿಯಿಂದ ಧಾರಾಳವಾಗಿ ಸುರಿಯುತ್ತಾರೆ. ಕುಡಿದಿರುವುದಿಲ್ಲ. ಆ ಎಂಜಿನ್ನಿನಲ್ಲಿ ಆಯಿಲಿಗೆ ಪ್ರತ್ಯೇಕ ಕೋಣೆಯಿದೆ. ಗಾಡಿ ನಿಂತೇ ಇದ್ದರೆ ಆಯಿಲ್ ಪಂಪಿನ ಸಂದಿಯಿಂದ ಮೆಲ್ಲಗೆ ಜಾರಿ ಕ್ರ್ಯಾಂಕಿನ ಕೋಣೆಗೆ ಇಳಿದು ಕೂತಿರುತ್ತದೆ. ಸ್ಟಾರ್ಟ್ ಮಾಡಿದ ಮೇಲೆ ಪಂಪು ಅದನ್ನು ವಾಪಸು ಎತ್ತಿ ಹಾಕುತ್ತದೆ. ಇದು ಗಾಡಿಗೆ ಗೊತ್ತು, ಯಜಮಾನರಿಗೆ ಗೊತ್ತಿಲ್ಲ.

ಆಮೇಲೆ ಆಂಪಿಯರ್ ಮೀಟರಿನ ಮುಳ್ಳು ನೋಡಿಕೊಂಡು, ಡಿಕಂಪ್ರೆಸರ್ ಒತ್ತಿ ಕಿಕ್ ಹೊಡೆಯುತ್ತಾರೆ. ಡುಗು ಡುಗು ಎಂದು ಗಾಡಿ ಎದ್ದಿತು ಅನ್ನುವಷ್ಟರಲ್ಲಿ, ಇಳಿದು ಕೂತ ಆಯಿಲು, ಮೇಲಿಂದ ಸುರಿದ ಆಯಿಲು ಎರಡೂ ಸೇರಿ, ಜಾಗ ಸಾಲದೆ ಬ್ರೀದರ್ ಪೈಪಿನಿಂದ ಚಿಮ್ಮುತ್ತದೆ. ಯಾರಾದರೂ ಆ ಕಡೆ ಕಣ್ಣು ಹಾಯಿಸಿದರೆ ಯಜಮಾನರು ಇತಿಹಾಸ ತೆಗೆಯುತ್ತಾರೆ. "ಐವತ್ತರ ದಶಕದಿಂದ ಈ ದೇಶದಲ್ಲಿ ಓಡ್ತಿರೋ ಗಾಡಿ ಇದು. ಸೈನ್ಯ ನಂಬಿದ ಗಾಡಿ." ಸೈನಿಕರು ಭಾನುವಾರಕ್ಕೊಮ್ಮೆ ಮಾತ್ರ ಓಡಿಸುತ್ತಿರಲಿಲ್ಲ ಎಂಬುದನ್ನು ನಾನು ಬಾಯಿ ಬಿಟ್ಟು ಹೇಳಿಲ್ಲ. ನೆರೆಮನೆಯಲ್ಲಿ ಬಾಳಬೇಕಲ್ಲ.

ಆದರೂ ಒಳಗೊಳಗೇ ಅವರಿಗೆ ಸಂಕಟವಿತ್ತು. ಒಂದು ಭಾನುವಾರ ಆ ಪೈಪಿನ ಬಾಯಿಗೆ ಎಲ್ಲಿಂದಲೋ ತಂದ ಬೋಲ್ಟೊಂದನ್ನು ಹೊಡೆದು, ಶೆಲಾಕ್ ಬಳಿದು, ಕ್ಲಿಪ್ ಬಿಗಿದರು. "ಸೋರೋ ಬಾಯಿ ಮುಚ್ಚಿದ್ರೆ ಎಲ್ಲಿಂದ ಸೋರುತ್ತೆ?"

ಎಲ್ಲಿಂದ ಅಂದರೆ, ಎಲ್ಲ ಕಡೆಯಿಂದ. ಪಿಸ್ಟನ್ ಕೆಳಗೆ ಬಂದಾಗಲೆಲ್ಲ ಒಳಗಿನ ಗಾಳಿ ಹೊರಗೆ ಹೋಗಲಿ ಎಂದೇ ಆ ಪೈಪು ಇರುವುದು. ಅದನ್ನು ಮುಚ್ಚುವುದೆಂದರೆ ಕುಕ್ಕರಿನ ವೆಯ್ಟಿಗೆ ಬೆಸುಗೆ ಹಾಕಿ ಅಕ್ಕಿ ಬೇಯಿಸಿದ ಹಾಗೆ. ಗಾಳಿ ದಾರಿ ಹುಡುಕಿತು, ಜೊತೆಗೆ ಎಣ್ಣೆಯೂ ಹೊರಟಿತು. ಮೊದಲು ಟ್ಯಾಪೆಟ್ ಕವರಿನ ಅಂಚು ಜಿನುಗಿತು, ಆಮೇಲೆ ಟೈಮಿಂಗ್ ಕವರು. ಯಜಮಾನರ ವೈದ್ಯಶಾಸ್ತ್ರದಲ್ಲಿ ಒಂದೇ ಮದ್ದು: ಬಿಗಿ ಮಾಡು. ಸೋರಿತೇ, ಇನ್ನೊಂದು ಸುತ್ತು. ಆ ಹುಮ್ಮಸ್ಸಿನಲ್ಲಿ ಎಡಗಡೆಯ ಪ್ರೈಮರಿ ಕವರಿಗೂ ಕೈ ಹಾಕಿದರು. ಅಷ್ಟು ದೊಡ್ಡ ಕವರನ್ನು ನಡುವಿನ ಒಂದೇ ಒಂದು ನಟ್ಟು ಹಿಡಿದುಕೊಂಡಿರುತ್ತದೆ, ಸುತ್ತ ಅಂಚಿಗೆ ರಬ್ಬರ್ ಸೀಲು. ನಟ್ಟನ್ನು ಹದ ಮೀರಿ ತಿರುಗಿಸಿದರೆ ನಡು ಒಳಕ್ಕೆ ಬಾಗಿ ಅಂಚು ಬಾಯಿ ಬಿಡುತ್ತದೆ. ಯಜಮಾನರು ಸ್ಪ್ಯಾನರಿನ ಹಿಡಿಗೆ ಕೊಳಾಯಿ ಪೈಪು ಸಿಕ್ಕಿಸಿ ತಿರುಗಿಸಿದರು. ಅಲ್ಲಿಯವರೆಗೆ ಒಣಗಿದ್ದ ಜಾಗವೂ ಸೋರಲು ಕಲಿಯಿತು.

ಗಾಡಿ ಕೆಳಗೆ ಹಾಸಲು ರಟ್ಟು ಸಾಲದಾಯಿತು. ವಾಕಿಂಗಿಗೆ ಹೋಗುವವರೆಲ್ಲ ನಿಂತು ಸಲಹೆ ಕೊಡತೊಡಗಿದರು. ಅವುಗಳಲ್ಲಿ ಒಂದು ಮಾತ್ರ ಸರಿಯಾದದ್ದು. ಎಣ್ಣೆ ಕಾಣಿಸುವುದು ಒಂದು ಕಡೆ, ಹೊರಡುವುದು ಇನ್ನೊಂದು ಕಡೆ. ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಎಂಜಿನ್ನನ್ನು ಡೀಸೆಲ್ಲಿನಲ್ಲಿ ತೊಳೆದು, ಒಣಗಿಸಿ, ಪೌಡರು ಉದುರಿಸಿ ಸ್ಟಾರ್ಟ್ ಮಾಡಬೇಕು. ಪೌಡರು ಮೊದಲು ಒದ್ದೆಯಾದ ಕಡೆಯೇ ಸೋರಿಕೆಯ ಮೂಲ.

"ಪೌಡರ್ ಡಬ್ಬಿ ಕೊಡೇ," ಎಂದರು ಯಜಮಾನರು.

"ರೀ, ಅದನ್ನ ಬಿಟ್ಟು ಒಂದ್ಸಲ ಈ ಗ್ರೈಂಡರ್ ನೋಡಬಾರದಾ? ರುಬ್ಬೋಕೆ ಹಾಕಿದ್ರೆ ಅಡುಗೆಮನೆಯೆಲ್ಲ ಅಲ್ಲಾಡುತ್ತೆ."

"ಆಮೇಲೆ ನೋಡೋಣ. ಮೊದಲು ಪೌಡರ್."

ಇಡೀ ಡಬ್ಬಿ ಖಾಲಿಯಾಯಿತು. ಬುಲೆಟ್ಟು ಬೆಳ್ಳಗೆ, ಘಮಘಮಿಸುತ್ತ ನಿಂತಿತು. ಸ್ಟಾರ್ಟ್ ಮಾಡಿದರೆ ಎಲ್ಲ ಕಡೆಯೂ ಒಟ್ಟಿಗೇ ಒದ್ದೆ. ಪರೀಕ್ಷೆಯ ಫಲಿತಾಂಶವೇನೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಕೊನೆಗೆ ಮಂಡಿ ಮೊಹಲ್ಲಾದಿಂದ ವಯಸ್ಸಾದ ಮೆಕ್ಯಾನಿಕ್ಕೊಬ್ಬರು ಬಂದರು. ಗಾಡಿ ಸ್ಟಾರ್ಟ್ ಮಾಡಿ, ಒಂದು ಬೀಡಿ ಮುಗಿಯುವ ತನಕ ಓಡಲು ಬಿಟ್ಟು, ನಿಲ್ಲಿಸಿ ಗೇಜು ಎಳೆದರು. ಆಯಿಲ್ ಗೆರೆ ದಾಟಿ ಎಲ್ಲೋ ಮೇಲಿತ್ತು.

"ನಿಂತ ಗಾಡೀಲಿ ಗೇಜ್ ನೋಡಬಾರದು ಸಾರ್. ಓಡಿಸಿ ನೋಡಬೇಕು."

"ಅದು ನನಗೂ ಗೊತ್ತು," ಎಂದರು ಯಜಮಾನರು.

ಮೆಕ್ಯಾನಿಕ್ಕು ಹೆಚ್ಚಿನ ಆಯಿಲನ್ನು ಇಳಿಸಿದರು, ಪ್ರೈಮರಿ ಕವರು ಬಿಚ್ಚಿ ಬೆಳಕಿಗೆ ಹಿಡಿದು ನೋಡಿ ನಿಟ್ಟುಸಿರುಬಿಟ್ಟರು. ಆಮೇಲೆ ಬಗ್ಗಿ, ಕೈಯಾಡಿಸಿ, ಪೈಪು ಹಿಡಿದು ಹೊರಗೆಳೆದರು. ಕ್ಲಿಪ್ ಸಡಿಲಿಸಿ ಬೋಲ್ಟು ತಿರುವುತ್ತಿದ್ದ ಹಾಗೇ ಪುಸ್ಸೆಂದು ಒಂದಿಷ್ಟು ಎಣ್ಣೆ ಅವರ ಅಂಗಿಗೆ ಹಾರಿತು.

"ಯಾರು ಸಾರ್ ಇದನ್ನ ಹೊಡೆದಿದ್ದು?"

ಯಜಮಾನರು ತೆಂಗಿನಮರದ ತುದಿ ನೋಡಿದರು. "ಹಳೇ ಓನರ್ ಇರಬೇಕು. ಆ ಡಾಕ್ಟರು."

ಅಷ್ಟರಲ್ಲಿ ಕಾಫಿ ತಂದ ಮನೆಯಾಕೆ ಲೋಟ ಕೊಟ್ಟು, ರಟ್ಟಿನ ಮೇಲಿದ್ದ ಬೋಲ್ಟನ್ನು ಬಗ್ಗಿ ನೋಡಿದರು. "ಹೌದಾ? ನಮ್ಮ ಗ್ರೈಂಡರ್ ಸ್ಟ್ಯಾಂಡಿನ ಬೋಲ್ಟು ಆ ಡಾಕ್ಟರ ಕೈಗೆ ಹೇಗೆ ಸಿಕ್ಕಿತು?"

ಮೆಕ್ಯಾನಿಕ್ಕು ಮುಖದ ಒಂದು ಗೆರೆಯನ್ನೂ ಅಲ್ಲಾಡಿಸದೆ ಬೋಲ್ಟನ್ನು ಬಟ್ಟೆಯಲ್ಲಿ ಒರೆಸಿ ಮುಂದೆ ಹಿಡಿದರು. "ವಾಷರೂ ಇದರಲ್ಲೇ ಇದೆ ಅಮ್ಮಾ, ತಗೊಳ್ಳಿ."