ಬೋರನಕಣಿವೆ ಸೀಮೆಯಲ್ಲಿ ಪುನರ್ಮನನದ ನೆಲೆಗಳು: ಒಂದು ಜೀವಶಾಸ್ತ್ರೀಯ ಮುಖಾಮುಖಿ

1. ಪ್ರಸ್ತಾವನೆ

ಓದಿದ್ದನ್ನೇ ಮತ್ತೆ ಓದುವುದಕ್ಕೆ ನಮ್ಮ ಕಡೆ ‘ತಿರುವಿ ಹಾಕೋದು’ ಅನ್ನುತ್ತಾರೆ. ಈ ಮಾತು ಎಷ್ಟು ಅವೈಜ್ಞಾನಿಕ ಎಂಬುದು, ಪರೀಕ್ಷಾ ಪೂರ್ವಸಿದ್ಧತಾ ಕಾರ್ಯಾಗಾರವೊಂದರಲ್ಲಿ ಎರಡೂವರೆ ಗಂಟೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತೆದ್ದ ಬಳಿಕ ಪ್ರಸ್ತುತ ಸಂಶೋಧಕನಿಗೆ ಮನದಟ್ಟಾಯಿತು. ಸಂಪನ್ಮೂಲ ವ್ಯಕ್ತಿಗಳ ಪ್ರಕಾರ ಅದು ‘ಕಲಿಕಾಫಲಾಧಾರಿತ ಪುನರ್ಬಲನಾತ್ಮಕ ಪುನರ್ಮನನ ಪ್ರಕ್ರಿಯೆ’. ಸದರಿ ಪ್ರಕ್ರಿಯೆಯನ್ನು ಎಸ್ಸೆಸ್ಸೆಲ್ಸಿ ವಿಜ್ಞಾನದ ‘ಜೀವಕ್ರಿಯೆಗಳು’ ಪಾಠದ ನೆಲೆಯಲ್ಲಿ ಅನುಸಂಧಾನಗೊಳಿಸುವುದು ಈ ಪ್ರಬಂಧದ ಘನ ಉದ್ದೇಶವಾಗಿರುತ್ತದೆ.

2. ವ್ಯಾಪ್ತಿ ಮತ್ತು ಮಿತಿ

ವ್ಯಾಪ್ತಿ: ಸುವರ್ಣಮುಖಿಗೆ ಅಡ್ಡ ಕಟ್ಟಿದ ಬೋರನಕಣಿವೆಯಿಂದ ಹಿಡಿದು ಹುಳಿಯಾರು, ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಯವರೆಗಿನ ತೆಂಗಿನ ಸೀಮೆ. ಕ್ಷೇತ್ರಕಾರ್ಯದ ತಾಣ: ನಮ್ಮಕ್ಕನ ಮನೆಯ ಜಗುಲಿ. ಮಾಹಿತಿದಾರಳು: ಅಕ್ಕನ ಮಗಳು, ಹತ್ತನೇ ಕ್ಲಾಸು. ಮಿತಿ: ಕರೆಂಟು. ತ್ರೀ ಫೇಸ್ ಬಂದೊಡನೆ ಮಾಹಿತಿದಾರಳು ಮೋಟರು ಹಾಕಲು ತೋಟಕ್ಕೆ ಓಡುತ್ತಿದ್ದುದರಿಂದ ದತ್ತಾಂಶಗಳು ಅಲ್ಲಲ್ಲಿ ತುಂಡಾಗಿವೆ.

3. ಪುನರ್ಮನನಕಾರರ ವರ್ಗೀಕರಣ

ಪಾಠದಲ್ಲೇ ಬರುವ ಪೋಷಣಾ ವಿಧಾನಗಳ ಹಿನ್ನೆಲೆಯಲ್ಲಿ ವಿದ್ಯಾರ್ಥಿಗಳನ್ನು ಹೀಗೆ ವಿಂಗಡಿಸಬಹುದಾಗಿದೆ:

(ಅ) ಸ್ವಪೋಷಕರು. ತಾವೇ ಓದಿ ತಾವೇ ಬರೆಯುವವರು. ಅಳಿವಿನಂಚಿನ ಪ್ರಭೇದ.

(ಆ) ಪರಪೋಷಕರು. ಇನ್ನೊಬ್ಬರ ನೋಟ್ಸಿನ ಜೆರಾಕ್ಸ್ ಮೇಲೆ ಬದುಕುವವರು.

(ಇ) ಕೊಳೆತಿನಿಗಳು. ಹತ್ತು ವರ್ಷದ ಹಳೇ ಪ್ರಶ್ನೆಪತ್ರಿಕೆಗಳಿಂದ ಸಾರ ಹೀರುವವರು.

(ಈ) ಪರಾವಲಂಬಿಗಳು. ಇವರ ಆವಾಸ ಪರೀಕ್ಷಾ ಕೊಠಡಿಯ ಎರಡನೇ ಬೆಂಚು.

(ಉ) ಉಳಿದವರು. ಇದರಲ್ಲಿ ಏಳು ಉಪವರ್ಗ ಮಾಡಿಟ್ಟುಕೊಂಡಿದ್ದೆ. ಬೇಡ ಬಿಡಿ. ನಮ್ಮ ಹುಡುಗಿ ಯಾವುದಕ್ಕೂ ಸೇರುತ್ತಿಲ್ಲ. ಅವಳು ಪ್ರಶ್ನೆ ಕೇಳುತ್ತಾಳೆ.

4. ದ್ಯುತಿಸಂಶ್ಲೇಷಣೆಯ ಸಂಕಥನ

ಆರು ಕಾರ್ಬನ್ ಡೈಆಕ್ಸೈಡು, ಹನ್ನೆರಡು ನೀರು. ಪತ್ರಹರಿತ್ತು ಮತ್ತು ಬಿಸಿಲಿನ ಸಮ್ಮುಖದಲ್ಲಿ ಒಂದು ಗ್ಲೂಕೋಸು, ಆರು ಆಕ್ಸಿಜನ್ನು, ಆರು ನೀರು. ಉರು ಹೊಡೆಯುತ್ತಿದ್ದವಳು ನಿಲ್ಲಿಸಿ ಕೇಳಿದಳು: “ಹನ್ನೆರಡು ಹಾಕಿದ್ರೆ ಆರು ವಾಪಸ್ ಬರೋದಾದ್ರೆ, ಮೊದ್ಲೇ ಆರು ಹಾಕಿದ್ರೆ ಸಾಲಲ್ವಾ ಮಾಮ?”

ಬೋರ್‌ವೆಲ್ ನೀರನ್ನು ಹನಿಹನಿಯಾಗಿ ಮರದ ಬುಡಕ್ಕೆ ಬಿಡುವ ಮನೆಯ ಮಗು ಕೇಳಬೇಕಾದ ಪ್ರಶ್ನೆಯೇ ಇದು. ಶಾಲೆಯವರು ಕೊಟ್ಟ ‘ಪಾಸಿಂಗ್ ಪ್ಯಾಕೇಜ್’ ತೆಗೆದು ನೋಡಿದೆ. ಸಮೀಕರಣಕ್ಕೆ ಚೌಕಟ್ಟು ಹಾಕಿ ‘ಹೀಗೆಯೇ ನೆನಪಿಡಿ’ ಎಂದಿತ್ತು.

ಉತ್ತರ ಇಷ್ಟೇ: ಗಿಡ ಹೊರಬಿಡುವ ಆಕ್ಸಿಜನ್ ಬರುವುದು ನೀರು ಒಡೆಯುವುದರಿಂದ, ಕಾರ್ಬನ್ ಡೈಆಕ್ಸೈಡಿನಿಂದಲ್ಲ. ಆರು ಆಕ್ಸಿಜನ್ ಅಣು ಎಂದರೆ ಹನ್ನೆರಡು ಪರಮಾಣು. ಅಷ್ಟು ಸಿಗಲು ಹನ್ನೆರಡು ನೀರು ಒಡೆಯಲೇಬೇಕು. ಬಲಗಡೆಯ ಆರು ನೀರು ವಾಪಸ್ ಬಂದದ್ದಲ್ಲ, ಹೊಸದಾಗಿ ಹುಟ್ಟಿದ್ದು. ಹೇಳಲು ಒಂದು ನಿಮಿಷ ಸಾಕು.

ಇನ್ನು ಪ್ರಯೋಗ. ಬಣ್ಣದೆಲೆಯ ಗಿಡವನ್ನು ಮೂರು ದಿನ ಕತ್ತಲಲ್ಲಿಟ್ಟು, ಆಮೇಲೆ ಬಿಸಿಲಿಗಿಟ್ಟು, ಎಲೆಯನ್ನು ಆಲ್ಕೋಹಾಲಿನಲ್ಲಿ ಕುದಿಸಿ, ಅಯೋಡಿನ್ ಹಾಕಿ ನೋಡಬೇಕಂತೆ. ಅಯೋಡಿನ್ ಶಾಲೆಯಲ್ಲಿಲ್ಲ. ಆದರೆ ಶಾಲೆಯ ಬೇಲಿಯಾಚೆ ಇದೇ ಪ್ರಯೋಗವನ್ನು ಕಪ್ಪುತಲೆ ಹುಳು ಇಡೀ ತೋಟಕ್ಕೇ ಮಾಡಿಟ್ಟಿದೆ. ಗರಿಯ ಅಡಿಯಲ್ಲಿ ಬಲೆ ಕಟ್ಟಿಕೊಂಡು, ಹಸಿರನ್ನಷ್ಟೇ ಕೆರೆದು ತಿಂದು, ಮೇಲಿನ ಪೊರೆ ಉಳಿಸುತ್ತದೆ. ದೂರದಿಂದ ನೋಡಿದರೆ ಮರಕ್ಕೆ ಬೆಂಕಿ ಬಿದ್ದಂತೆ. ಹಸಿರು ಹೋದ ಮರದ ಫಸಲು ಬೀಳುತ್ತದೆ. ಪತ್ರಹರಿತ್ತು ಯಾಕೆ ಬೇಕು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ‘ಒಮ್ಮೆ ತಲೆ ಎತ್ತಿ ನೋಡಿ’ ಎಂದು ಯಾರೂ ಮಕ್ಕಳಿಗೆ ಹೇಳಿಲ್ಲ.

5. ಉಸಿರಾಟ

ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಕೊಬ್ಬರಿಗೆಂದು ಕೂಡಿಟ್ಟ ಕಾಯಿಯೂ ಒಣಗುವ ತನಕ ಜೀವ ಇರುವ ಬೀಜವೇ, ಅದೂ ಉಸಿರಾಡುತ್ತದೆ. ಇಳಿಸಿದ ನೀರಾ ಬಿಸಿಲೇರಿದಂತೆ ಹುದುಗಿ ಹೆಂಡವಾಗುವುದು ಯೀಸ್ಟಿನ ಆಮ್ಲಜನಕರಹಿತ ಉಸಿರಾಟ. ಉಂಡೆ ಕೊಬ್ಬರಿಯ ಬೆಂಬಲ ಬೆಲೆ 2025ರಲ್ಲಿ ಕ್ವಿಂಟಲಿಗೆ 12,100 ರೂಪಾಯಿ ಇತ್ತು ಎಂಬುದು ನಮ್ಮ ಹುಡುಗಿಗೆ ಬಾಯಿಪಾಠ. ಆ ಕೊಬ್ಬರಿಯ ಎಣ್ಣೆ ಬಿಸಿಲಿನಿಂದ ಕಟ್ಟಿಕೊಂಡದ್ದು ಎಂಬುದು ಮಾತ್ರ ಸಿಲಬಸ್ಸಿನಾಚೆ. ಅಧ್ಯಾಯ ಮುಗಿಯಿತು.

6. ಮೂತ್ರಪಿಂಡ

ಇಲ್ಲಿ ಅಣಕ ಮಾಡಲು ನನಗೆ ಕೈ ಬರುತ್ತಿಲ್ಲ.

ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರು ಸೋಸುತ್ತವೆ. ಹೊರಗೆ ಹೋಗುವುದು ಒಂದೆರಡು ಲೀಟರು, ಮಿಕ್ಕಿದ್ದನ್ನು ನೆಫ್ರಾನ್‌ಗಳು ಮತ್ತೆ ಒಳಗೆಳೆದುಕೊಳ್ಳುತ್ತವೆ. ಹುಡುಗಿ ಇದನ್ನು ಉರು ಹೊಡೆಯುತ್ತಿರುವಾಗ ಒಳಗೆ ಮಂಚದ ಮೇಲೆ ಅವಳ ತಾತ ಮಲಗಿದ್ದರು. ವಾರಕ್ಕೆರಡು ಸಲ, ಕೋಳಿ ಕೂಗುವ ಮುಂಚೆ ಎದ್ದು, ಬಸ್ಸು ಹತ್ತಿ, ಡಯಾಲಿಸಿಸ್‌ಗೆ ಹೋಗಿ ಬರುತ್ತಾರೆ. ಆಸ್ಪತ್ರೆಯಲ್ಲಿ ಅವರಿಗೆ ಹೇಳಿದ್ದು ಎರಡೇ ಮಾತು: ‘ಕ್ರಿಯಾಟಿನಿನ್ ಜಾಸ್ತಿ’, ‘ಎಳನೀರು ಬಂದ್’.

ಯಾಕೆ ಬಂದ್, ಹೇಳಲಿಲ್ಲ. ಆ ತೋಟದ ಅಷ್ಟೂ ಸಸಿ ನೆಟ್ಟವರು ಅವರು. ನೋಡಲು ಬಂದವರೆಲ್ಲ ‘ಕಿಡ್ನಿಗೆ ಎಳನೀರು ಒಳ್ಳೇದು ಗೌಡ್ರೆ’ ಎಂದು ಕೆತ್ತಿ ಕೈಗೆ ಕೊಡುತ್ತಾರೆ. ಒಂದು ಸಂಜೆ ಕುಡಿದೂ ಬಿಟ್ಟರು. ಆ ರಾತ್ರಿ ಕಾರು ಮಾಡಿಕೊಂಡು ಓಡಿದ್ದೇವೆ.

ಸಿಟ್ಟು ಬರುವುದು ಇಲ್ಲಿ. ಗೊತ್ತಿದ್ದವರು ಗೊತ್ತಾಗದಂತೆ ಮಾತಾಡುವುದನ್ನೇ ವಿದ್ಯೆ ಅಂದುಕೊಂಡಿದ್ದಾರೆ. ‘ಪುನರ್ಬಲನ’ ಅನ್ನುವ ಬಾಯಿಗೂ ‘ಕ್ರಿಯಾಟಿನಿನ್’ ಎಂದು ಚೀಟಿ ಎಸೆಯುವ ಕೈಗೂ ಏನು ವ್ಯತ್ಯಾಸ? ಅರ್ಥವಾದರೆ ಮರ್ಯಾದೆ ಕಮ್ಮಿಯಾಗುತ್ತದೇನೋ ಎಂಬ ಭಯ ಎರಡಕ್ಕೂ.

ಹುಡುಗಿ ಪುಸ್ತಕ ಮಡಚಿಟ್ಟು ಒಳಗೆ ಹೋದಳು.

“ತಾತ, ಎಳನೀರಲ್ಲಿ ಪೊಟ್ಯಾಸಿಯಂ ಅಂತ ಒಂದು ಉಪ್ಪಿನಂಶ ಐತೆ. ನಮಗಾದ್ರೆ ಕಿಡ್ನಿ ಸೋಸಿ ಆಚೆಗೆ ಹಾಕ್ತದೆ. ನಿಂದು ಸೋಸ್ತಿಲ್ಲ. ರಕ್ತದಲ್ಲೇ ನಿಂತ್ಕಂಡು ಎದೆ ಬಡಿತ ಕೆಡಿಸ್ತದೆ. ಅದಕ್ಕೇ ಬ್ಯಾಡ ಅಂದಿದ್ದು.”

ತಾತ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: “ಇದನ್ನ ಪರೀಕ್ಷೇಲಿ ಕೇಳ್ತಾರೇನವ್ವ?”

“ಇಲ್ಲ ತಾತ. ನೆಫ್ರಾನ್ ಚಿತ್ರ ಬರೆದು ಭಾಗ ಗುರುತಿಸು ಅಂತಾರೆ.”

ಅಷ್ಟರಲ್ಲಿ ತ್ರೀ ಫೇಸ್ ಬಂತು.