ಗೌಡರ ಡ್ರಮ್ಮಿಗೆ ಹೊಸ ಅಂಗಿ

ಬೇಲಿಯ ಆಚೆ ಸಕಲೇಶಪುರ ತಾಲ್ಲೂಕು, ಈಚೆ ಆಲೂರು. ಕಂದಾಯ ಇಲಾಖೆಯ ಲೆಕ್ಕದಲ್ಲಿ ಗೌಡರೂ ನಾನೂ ಬೇರೆ ಬೇರೆ ತಾಲ್ಲೂಕಿನವರು. ಮಳೆಯ ಲೆಕ್ಕದಲ್ಲೂ ಹಾಗೇ ಅನ್ನುವುದು ಗೌಡರ ವಾದ. ಘಟ್ಟದ ಕಡೆಗೆ ಹೋದಷ್ಟೂ ಮಳೆ ಜಾಸ್ತಿ, ನಿಜ. ಆದರೆ ಒಂದು ಮುಳ್ಳುತಂತಿಯ ಅಗಲದಲ್ಲಿ ಎಷ್ಟು ಜಾಸ್ತಿಯಾದೀತು? "ನಿಮ್ಮ ಕಡೆ ಬೀಳೋದು ಮಳೆ ಏನ್ರೀ ಮೇಷ್ಟ್ರೆ, ಅದು ತುಂತುರು" ಅನ್ನುತ್ತಾರೆ. ಈ ಸಲ ಆ ಮಾತು ಬಂದದ್ದು ಡ್ರಮ್ಮಿನ ದೆಸೆಯಿಂದ.

ಗೌಡರ ಚಿಕ್ಕಪ್ಪ ಎಪ್ಪತ್ತರ ದಶಕದಲ್ಲಿ ಒಂದು ಆರ್ಕೆಸ್ಟ್ರಾ ಕಟ್ಟಿಕೊಂಡು ಗಣಪತಿ ಪೆಂಡಾಲುಗಳಲ್ಲಿ ಡ್ರಮ್ಸ್ ಬಾರಿಸುತ್ತಿದ್ದರಂತೆ. ಎಸ್ಟೇಟ್ ಮಾರಿ ಊರು ಬಿಟ್ಟ ಯಾರೋ ದೊರೆಯಿಂದ ಸೆಕೆಂಡ್ ಹ್ಯಾಂಡಿಗೆ ಕೊಂಡ ಸೆಟ್ಟು. ಆಮೇಲೆ ಅದು ಅಟ್ಟ ಸೇರಿತು. ಮೊನ್ನೆ ಇಳಿಸಿದರೆ ದೊಡ್ಡ ಡ್ರಮ್ಮಿನೊಳಗೆ ಇಲಿಗಳ ಸಂಸಾರ, ಯಾವ ಕಾಲದ್ದೋ ಒಂದು ಗಂಟು ಕಾಳುಮೆಣಸು. ಕಂಪನಿಯ ಬಿಲ್ಲೆ ಕಿತ್ತುಹೋಗಿರುವುದರಿಂದ ಗೌಡರು "ಇಂಗ್ಲೆಂಡಿಂದು" ಅನ್ನುತ್ತಾರೆ, ನಾನು "ಬೊಂಬಾಯಿದು" ಅನ್ನುತ್ತೇನೆ. ಬಿಲ್ಲೆ ಸಿಗುವವರೆಗೂ ಇಬ್ಬರೂ ಸರಿ.

ಮೈಮೇಲಿನ ಮುತ್ತಿನ ಹೊಳಪಿನ ಹಾಳೆ ಮಾತ್ರ ಹಳದಿ ತಿರುಗಿ, ಜೋಡಣೆಯ ಹತ್ತಿರ ಸುರುಳಿ ಎದ್ದಿತ್ತು. ಈ ಪ್ಲಾಸ್ಟಿಕ್ ಹಾಳೆಗಳು ವರ್ಷ ಕಳೆದಂತೆ ಕುಗ್ಗುತ್ತವೆ, ಒಳಗಿನ ಮರ ಕುಗ್ಗುವುದಿಲ್ಲ. ಬಿರಿಯದೆ ಏನು ಮಾಡೀತು?

ಗೌಡರ ಮಗ ಹೋಂಸ್ಟೇ ಇಟ್ಟಿದ್ದಾನೆ. ಅವನದು ಒಂದೇ ಹಟ: "ಹಂಗೇ ಇರ್ಲಿ ಬಿಡಪ್ಪ, ವಿಂಟೇಜ್ ಲುಕ್. ರಿಸೆಪ್ಷನ್ನಲ್ಲಿಟ್ರೆ ಬೆಂಗಳೂರಿನವರು ಸೆಲ್ಫಿ ತಗೋತಾರೆ." ಗೌಡರದು ಅದಕ್ಕೆ ತಿರುಗಾ ಹಟ, ರಿಪೇರಿ ಮಾಡಿಸಿ ಬಾರಿಸಲೇಬೇಕು. ನನ್ನ ಮತ ಗೌಡರಿಗೆ. ಮಲೆನಾಡಿನಲ್ಲಿ ತುಕ್ಕು ಒಂದು ಲುಕ್ ಅಲ್ಲ, ಅದು ರೋಗ. ಪುನರ್ವಸು ಮಳೆ ಮುಗಿಯುವಷ್ಟರಲ್ಲಿ ಮದುವೆ ಫೋಟೋಗೂ ಬೂಷ್ಟು ಹಿಡಿಯುವ ಊರಲ್ಲಿ ಯಾವುದನ್ನೂ 'ಹಂಗೇ' ಇಡಲು ಬರುವುದಿಲ್ಲ.

ಹುಡುಗ ಬೀಟಲ್ಸ್ ತಂಡದ ಡ್ರಮ್ಮರ್ ರಿಂಗೋ ಸ್ಟಾರನ ಮಾತೆತ್ತಿದ. 1964ರ ಫೆಬ್ರವರಿ 9ರಂದು ಅಮೆರಿಕದ ಎಡ್ ಸಲಿವನ್ ಟಿ.ವಿ. ಕಾರ್ಯಕ್ರಮದಲ್ಲಿ ಬೀಟಲ್ಸ್ ಕಾಣಿಸಿಕೊಂಡಾಗ ಏಳು ಕೋಟಿಗೂ ಹೆಚ್ಚು ಜನ ನೋಡಿದರು. ರಿಂಗೋನ ಲುಡ್ವಿಗ್ ಡ್ರಮ್ಮಿನ ಮೈಮೇಲಿದ್ದದ್ದು ಕಪ್ಪು ಚಿಪ್ಪಿನ ಹೊಳಪಿನ ಇಂಥದ್ದೇ ಹಾಳೆ. ಅಂಥದ್ದನ್ನು ಈಗ ಕಿತ್ತರೆ ಬೆಲೆ ಬಿದ್ದುಹೋಗುತ್ತದೆ ಎಂದ. ರಿಂಗೋನದಾದರೆ ಸರಿಯಪ್ಪ, ಬಿಲ್ಲೆಯೇ ಇಲ್ಲದ್ದಕ್ಕೆ ಬೀಳುವ ಬೆಲೆ ಎಲ್ಲಿಂದ ಬಂತು?

ನಮ್ಮ ಸುಗ್ಗಿಯಲ್ಲಿ ಬಾರಿಸುವ ತಮಟೆ, ಡೋಲುಗಳನ್ನು ನೋಡಿ. ಚರ್ಮ ಹರಿದರೆ ಹೊಸದು ಮುಚ್ಚುತ್ತಾರೆ, ಬಳೆ ಹಳೆಯದೇ. ಅಜ್ಜನ ಕಾಲದ್ದು ಅಂತ ಹರಿದ ಚರ್ಮವನ್ನು ಯಾರೂ ಗಾಜಿನ ಪೆಟ್ಟಿಗೆಯಲ್ಲಿ ಇಡಲಿಲ್ಲ. ಹಾಗೆ ಇಟ್ಟಿದ್ದರೆ ಸುಗ್ಗಿ ಎಂದೋ ನಿಂತುಹೋಗುತ್ತಿತ್ತು. ಇನ್ನೊಂದು ಮಾತು, ಗೌಡರಿಗೆ ಹಿಡಿಸದಿದ್ದರೂ ಹೇಳಿದೆ: ಚರ್ಮ ಹದ ಮಾಡಿ, ಬಿಗಿದು, ಬೆಂಕಿಗೆ ಹಿಡಿದು ನಾದ ತಂದವರನ್ನು ನಾವು ಅಂಗಳದಿಂದ ಆಚೆಯೇ ನಿಲ್ಲಿಸಿದ್ದೆವು. ಆರ್ಕೆಸ್ಟ್ರಾದ ಡ್ರಮ್ಮಿಗೆ ಸಿಕ್ಕ ಕುರ್ಚಿ ತಮಟೆಗೆ ಸಿಕ್ಕಲಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂದದ್ದು 2023ರಲ್ಲಿ. ಗೌಡರು ಸ್ವಲ್ಪ ಹೊತ್ತು ಬೇಲಿಗೂಟ ಅಲ್ಲಾಡಿಸಿ ನೋಡಿ, "ಅದೂ ಹೌದನ್ನಿ" ಎಂದರು.

ಆಮೇಲೆ ಅವರೇ ಒಂದು ತಮಾಷೆ ತೆಗೆದರು. ಸುಗ್ಗಿಯಲ್ಲಿ ಒಂದೊಂದು ವಾದ್ಯಕ್ಕೆ ಒಬ್ಬೊಬ್ಬ, ಡ್ರಮ್ ಸೆಟ್ಟಿನಲ್ಲಿ ಎಲ್ಲದಕ್ಕೂ ಒಬ್ಬನೇ. "ಇದನ್ನ ಕಂಡುಹಿಡ್ದೋನು ಗ್ಯಾರಂಟಿ ಪ್ಲಾಂಟರ್ ಕಣ್ರೀ, ಆಳು ಸಿಗ್ತಿರ್ಲಿಲ್ಲ ಅನ್ಸುತ್ತೆ." ತೀರಾ ತಪ್ಪೇನಲ್ಲ. ಮೊದಲು ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮಿಗೆ ಒಬ್ಬ, ಚಿಕ್ಕದಕ್ಕೆ ಒಬ್ಬ, ತಾಳಕ್ಕೆ ಇನ್ನೊಬ್ಬ ಇರುತ್ತಿದ್ದರು. ವಿಲಿಯಂ ಲುಡ್ವಿಗ್ 1909ರಲ್ಲಿ ಚುರುಕಾದ ಕಾಲ್ಪೆಡಲ್ ತಂದ ಮೇಲೆ ಕೂತವನ ಕಾಲಿಗೂ ಕೆಲಸ ಬಂತು, ಉಳಿದವರ ಕೂಲಿ ಉಳಿಯಿತು.

ಮುಚ್ಚಿಗೆಯ ಕಥೆಯೂ ಹೀಗೇ. ಮೊದಲು ಡ್ರಮ್ ಸೆಟ್ಟಿನದೂ ಕರುವಿನ ಚರ್ಮವೇ, ಮಳೆಗಾಲದಲ್ಲಿ ಸಡಿಲವಾಗಿ ದಬ್ ದಬ್ ಅನ್ನುತ್ತಿತ್ತು. 1957ರ ಸುಮಾರಿಗೆ ರೆಮೋ ಬೆಲ್ಲಿ ಮೈಲಾರ್ ಪ್ಲಾಸ್ಟಿಕ್ಕಿನ ಮುಚ್ಚಿಗೆ ಮಾರತೊಡಗಿದ. ಈಗ ನಮ್ಮ ತಮಟೆಗೂ ಫೈಬರ್ ಬಂದಿದೆ. ಬೆಂಕಿ ಕಾಯಿಸುವ ಕೆಲಸವಿಲ್ಲ. ಸದ್ದು ಜೋರು, ಆದರೆ ನಾದ ತೆಳುವು. ಇದು ನನ್ನ ಕಿವಿಯ ತೀರ್ಪು.

ಬೆಂಕಿ ಅಂದಾಗ ನೆನಪಾಯಿತು. ಹಳೇ ಹಾಳೆ ಬಿಡಿಸಲು ಗೌಡರು ತಮಟೆಗೆ ತೋರಿಸುವ ಹಾಗೆ ಒಲೆಯ ಮುಂದೆ ಹಿಡಿಯಹೊರಟಿದ್ದರು! ಆ ಕಾಲದ ಎಷ್ಟೋ ಹಾಳೆಗಳು ಸೆಲ್ಯುಲಾಯ್ಡ್, ಹಳೇ ಸಿನಿಮಾ ರೀಲಿನ ಜಾತಿ. ಕಿಡಿ ತಾಗಿದರೆ ಭಗ್ಗನೆ ಹತ್ತಿಕೊಳ್ಳುತ್ತವೆ. ಕೊನೆಗೆ ಸೊಸೆಯ ಹೇರ್ ಡ್ರೈಯರಿನ ಬಿಸಿಗಾಳಿ ಕೊಟ್ಟು, ಗೋಂದು ಮೆತ್ತಗಾದ ಹಾಗೆ ನಿಧಾನಕ್ಕೆ ಎಬ್ಬಿಸಿದ್ದಾಯಿತು.

ಅಷ್ಟರಲ್ಲಿ ಗೌಡರ ಮನೆಯ ಅಕ್ಕ ಹಿತ್ತಲಲ್ಲಿ ತಾಳದ ತಟ್ಟೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ದೇವರ ದೀಪದ ಪಕ್ಕ ಇಡುವ ಹಾಗೆ ಮಾಡಿದ್ದರು. ಮಗ ಅಳುವುದೊಂದು ಬಾಕಿ, ಅಕ್ಷರವೆಲ್ಲ ಹೋಯಿತಲ್ಲ ಅಂತ. ಕಂಚನ್ನು ಇನ್ನು ಹೇಗೆ ತೊಳೆಯಬೇಕಿತ್ತು ಅನ್ನುವುದು ಅಕ್ಕನ ಪ್ರಶ್ನೆ.

ಹೊಸ ಹಾಳೆ ತರಲು ಗೌಡರು ಅಳತೆ ಬರೆದುಕೊಂಡಿದ್ದರು. ದೊಡ್ಡ ಡ್ರಮ್ಮಿನ ಅಗಲ 22 ಇಂಚು, ಸುತ್ತಳತೆಗೆ ಅದರ ಮೂರು ಪಟ್ಟು, 66. ನಾನು ಮೇಷ್ಟ್ರಾಗಿ ಸುಮ್ಮನಿರುವುದುಂಟೇ? 3.14ರಿಂದ ಗುಣಿಸಿ, 69 ದಾಟುತ್ತದೆ, ಮೇಲೆ ಜೋಡಣೆಗೆ ಒಂದಿಂಚು ಬೇಕು ಎಂದೆ. 66ಕ್ಕೆ ಕತ್ತರಿಸಿದ್ದರೆ ಮೂರು ಇಂಚು ಬತ್ತಲೆ. ಬಾಳ್ಳುಪೇಟೆಯ ಆಚಾರಿ ಸನ್ಮೈಕಾ ಅಂಟಿಸಿಬಿಡೋಣ ಅಂದನಂತೆ. ಅಡುಗೆಮನೆಯ ಕಟ್ಟೆಗೆ ಹಾಕುವ ಆ ದಪ್ಪದ ಹಾಳೆ 12 ಇಂಚಿನ ಚಿಕ್ಕ ಡ್ರಮ್ಮಿಗೆ ಬಗ್ಗುವ ಮೊದಲೇ ಸೀಳುತ್ತದೆ.

ಹಾಳೆಯನ್ನು ಅಂಚಿನವರೆಗೂ ತರಬಾರದು, ಕೂದಲೆಳೆ ಕೆಳಗೇ ನಿಲ್ಲಿಸಬೇಕು. ಇಲ್ಲದಿದ್ದರೆ ಮುಚ್ಚಿಗೆಯ ಬಳೆ ಸಲೀಸಾಗಿ ಕೂರುವುದಿಲ್ಲ, ಶ್ರುತಿ ಜಪ್ಪಯ್ಯ ಅಂದರೂ ನಿಲ್ಲುವುದಿಲ್ಲ. ಅಂಚು ಸಮವಿದೆಯೋ ಅಂತ ನೋಡಲು ಗ್ರಾನೈಟ್ ಕಟ್ಟೆಯ ಮೇಲೆ ಬೋರಲು ಹಾಕಿ, ಒಳಗೆ ಟಾರ್ಚ್ ಇಟ್ಟರೆ ಬೆಳಕು ಇಣುಕುವ ಕಡೆ ತಗ್ಗು ಅಂತ ಲೆಕ್ಕ. ಅಂಟು ಎರಡೂ ಕಡೆ ಬಳಿದು, ಬೆರಳಿಗೆ ಅಂಟದ ಹದಕ್ಕೆ ಒಣಗಲು ಬಿಡಬೇಕು. ಒಂದು ಸಲ ತಾಗಿತೋ, ಮುಗಿಯಿತು, ಜರುಗಿಸಲು ಬರುವುದಿಲ್ಲ. ಗಾಳಿಯಲ್ಲಿ ತೇವವಿದ್ದರೆ ಅಂಟು ಹಿಡಿಯುವುದೂ ಇಲ್ಲ. ಅದಕ್ಕೇ ಕಾಫಿ ಕೊಯ್ಲು ಮುಗಿದು ಹೂಮಳೆ ಬರುವುದರೊಳಗೆ ಕೆಲಸ ಆಗಬೇಕು. "ನಿಮ್ಮ ಕಡೆ ತುಂತುರಲ್ವಾ, ನಿಮ್ಮ ಜಗಲಿ ಮೇಲೇ ಅಂಟ್ಸೋಣ" ಎಂದು ಗೌಡರು ನನ್ನ ತಲೆಗೇ ಕಟ್ಟಲು ನೋಡಿದರು. ನಾನು ಒಪ್ಪಲಿಲ್ಲ.

ಬಣ್ಣ ಇನ್ನೂ ತೀರ್ಮಾನವಾಗಿಲ್ಲ. ಗೌಡರಿಗೆ ಕೆಂಪು ಮಿಂಚು, ಮಗನಿಗೆ ರಿಂಗೋನ ಕಪ್ಪು. ಅಷ್ಟರಲ್ಲಿ ಆನೆ ಹಿಂಡು ಹತ್ತಿರವಿದೆ ಅಂತ ಇಬ್ಬರ ಫೋನಿಗೂ ಅರಣ್ಯ ಇಲಾಖೆಯ ಸಂದೇಶ ಬಂತು, ಮಾತು ಮೊಟಕಾಯಿತು. ಹೋಗುವಾಗ, ಹಾಳೆ ಸುತ್ತಲು ಇಬ್ಬರು ಬೇಕು, ಭಾನುವಾರ ಆ ತುದಿ ಹಿಡಿಯಲು ನಾನೇ ಬರುತ್ತೇನೆ ಎಂದೆ.

"ಬನ್ನಿ ಬನ್ನಿ, ಊಟ ನಮ್ಮಲ್ಲೇ. ಬೇಲಿ ಮಾತ್ರ ಹಾರ್ಬೇಡಿ ಮೇಷ್ಟ್ರೆ, ಹೊಸ ತಂತಿ ಎಳ್ಸಿದೀನಿ. ರಸ್ತೆ ಕಡೆಯಿಂದ್ಲೇ ಬನ್ನಿ, ಬರ್ತಾ ನಿಮ್ಮ ಆ 3.14ನೂ ತಗೊಂಡ್ಬನ್ನಿ."